ಎಡಕ್ಕೆ ತಿರುಗಿದ ತೊಗರಿ

ಹೈದರಾಬಾದ್
14 ಜೂನ್ 1981

ವತ್ಸಲಾ,

ಉಭಯ ಕುಶಲೋಪರಿ ಎಂದು ಬರೆದು ಹೊಡೆದುಹಾಕಿದೆ. ಆರು ವರ್ಷ ಒಂದು ಕಾರ್ಡೂ ಹಾಕದವಳಿಗೆ ನಿನ್ನ ಕುಶಲ ಏನು ಗೊತ್ತು? ರಿಸರ್ಚ್ ಸೀಟು ಬಿಟ್ಟು ನಾರಾಯಣಖೇಡದ ಸೊಸೆಯಾಗಲು ಹೊರಟವಳ ಮೇಲೆ ಅಕ್ಷತೆ ಹಾಕಲಾರೆ ಎಂದು ನಾನು ಅಂದೆ. ‘ಬರದಿದ್ದರೆ ಒಂದು ಎಲೆ ಉಳಿಯಿತು’ ಎಂದು ನೀನು ಅಂದೆ. ಆ ಜಗಳ ಇದ್ದಲ್ಲೇ ಇರಲಿ, ನಾನು ಕೆಲಸಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮ ತಾಂಡೂರಿನ ತೊಗರಿಯಿಂದ ಒಂದು ಪ್ರೋಟೀನನ್ನು ಬೇರೆ ಮಾಡಿದ್ದೇನೆ. ಅದು ಹರಳುಗಟ್ಟಲು ಎರಡು ವರ್ಷ ಸತಾಯಿಸಿತು. ಈಗ ಸಕ್ಕರೆಯ ಕಣದಷ್ಟು ಹರಳುಗಳು ಸಿಕ್ಕಿವೆ. ಹರಳಿನೊಳಗೆ ಎಕ್ಸ್-ರೇ ಹಾಯಿಸಿದರೆ ಫಿಲ್ಮಿನ ಮೇಲೆ ಚುಕ್ಕೆಗಳು ಬೀಳುತ್ತವೆ, ಚುಕ್ಕೆಗಳನ್ನು ಕಂಪ್ಯೂಟರ್ ಅಂಕಿಗಳಾಗಿ ಮಾಡಿಕೊಡುತ್ತದೆ. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆ ಹೆಚ್ಚಿದ ಹಾಗೆ ಪ್ರೋಟೀನನ್ನು ತೆಳ್ಳಗೆ ಹೆಚ್ಚಿದ್ದೇವೆ ಅಂದುಕೋ. ಒಂದು ಬಿಲ್ಲೆಗೆ ಒಂದು ಹಾಳೆ, ಹಾಳೆ ತುಂಬ ಬರೀ ಅಂಕಿ. ಅಂಕಿ ದೊಡ್ಡದಿದ್ದಲ್ಲಿ ಪರಮಾಣುಗಳು ಒತ್ತಾಗಿವೆ. ಸರಿಸಮ ಅಂಕಿಗಳ ಸುತ್ತ ಗೆರೆ ಎಳೆದು, ಅದನ್ನು ಪಾರದರ್ಶಕ ಹಾಳೆಗೆ ಇಳಿಸಿ, ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಪ್ರೋಟೀನಿನ ಆಕಾರ ಕಾಣಬೇಕು.

ಆ ಗೆರೆಗಳನ್ನು ನೀನು ಎಳೆಯಬೇಕು. ಇಲ್ಲಿ ಎಳೆಯುವವರಿಲ್ಲ ಎಂದಲ್ಲ. ಇಲ್ಲಿ ಎಲ್ಲರೂ ಏನು ಕಾಣಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಪೆನ್ನು ಹಿಡಿಯುತ್ತಾರೆ. ಎಂ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಎಲ್ಲರಿಗೂ ಕಂಡದ್ದು ತನಗೆ ಕಾಣಲಿಲ್ಲ ಎಂದು ಬರೆದು ಮಾರ್ಕು ಕಳೆದುಕೊಂಡವಳು ನೀನೊಬ್ಬಳೇ.

ನಮ್ಮ ಪ್ರೊಫೆಸರು ಅರೆಮನಸ್ಸಿನಿಂದ ಹೂಂ ಅಂದಿದ್ದಾರೆ. ನಕ್ಷೆ ಸರಿಯಾಗಿ ಬಂದರೆ ನಿನ್ನನ್ನು ಈ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ. ತಿಂಗಳಿಗೊಂದು ವಾರ ಇಲ್ಲಿ, ಉಳಿದದ್ದು ಮನೆಯಿಂದಲೇ. ಪಿಎಚ್.ಡಿ.ಗೂ ಹೆಸರು ಹಚ್ಚಬಹುದು. ಸರಿ ಬರದಿದ್ದರೆ ಅವರನ್ನು ಎರಡನೆಯ ಸಲ ಕೇಳುವ ಮುಖ ನನಗಿಲ್ಲ. ಇಷ್ಟು ತಿಳಿದು ಹೂಂ ಅನ್ನು, ಇಲ್ಲವೇ ಉಹೂಂ ಅನ್ನು.

ಮಾಲತಿ


ನಾರಾಯಣಖೇಡ
9 ಜುಲೈ 1981

ಮಾಲತಿ,

ಪತ್ರ ಓದಿ ಮೊದಲು ಸಿಟ್ಟು ಬಂತು. ಆರು ವರ್ಷಕ್ಕೊಮ್ಮೆ ನೆನಪಾದರೂ ಕೆಲಸ ಹಚ್ಚುವುದಕ್ಕೇ ನೆನಪಾದೆನಲ್ಲ ಎಂದು. ಆಮೇಲೆ ಇಡೀ ದಿನ ಅನ್ನ ಹೊತ್ತಿತು, ಹಾಲು ಉಕ್ಕಿತು, ಅಂಕಿ ತುಂಬಿದ ಹಾಳೆ ಕಣ್ಣ ಮುಂದಿನಿಂದ ಸರಿಯಲಿಲ್ಲ. ಹೂಂ.

ನಾನು ಹೂಂ ಅನ್ನುವ ಮೊದಲೇ ನೀನು ಬಸ್ಸಿಗೆ ಹಾಕಿದ ಅಂಕಿ ಹಾಳೆಗಳ ಗಂಟು ಜಹೀರಾಬಾದಿನಲ್ಲಿ ಬಸ್ಸು ಬದಲಾಯಿಸಿ ಎರಡು ದಿನ ತಡವಾಗಿ ಬಂತು. ಕಂಡಕ್ಟರ್ ಅದರ ಮೇಲೆ ಕೂತು ಬಂದಿದ್ದ, ಆದರೂ ಏನೂ ಆಗಿಲ್ಲ. ನಮ್ಮ ಯಜಮಾನರು ಮಲ್ಲಿಕಾರ್ಜುನ ವಿದ್ಯುತ್ ಇಲಾಖೆಯವರು. ಲೈನು ಕೆಟ್ಟಿತೆಂದು ಕಲ್ಹೇರ್, ಮನೂರ್ ಸುತ್ತುತ್ತ ಇರುತ್ತಾರೆ. ಹಾಗಾಗಿ ಗಂಟು ಬಿಚ್ಚಿದವರು ನಮ್ಮ ಮಾವನವರು ಸೋಮಶೇಖರಪ್ಪ. ನಿಜಾಮರ ಕಾಲದಲ್ಲಿ ತಹಸೀಲ್ ಕಚೇರಿಯ ಕಾಗದಪತ್ರ ನೋಡಿಕೊಳ್ಳುವ ಪೇಶಕಾರರಾಗಿದ್ದವರು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಓದುಬರಹವೆಲ್ಲ ಉರ್ದು. ಸರ್ಕಾರಿ ಕಾಗದ ಬಿಡಿಬಿಡಿಯಾಗಿ ಬಿದ್ದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ನಿನ್ನ ಹಾಳೆಗಳು ಸೀರೆಯ ನಿರಿಗೆಯ ಹಾಗೆ ಮಡಚಿಕೊಂಡು ಒಂದಕ್ಕೊಂದು ಅಂಟಿಕೊಂಡಿದ್ದವು. ‘ಇದೇನವಾ, ಸರ್ಕಾರಿ ಕಾಗದ ಹಿಂಗ ಕಳಸ್ತಾರೇನು? ಅಂಚಿಗೆಲ್ಲ ಇಲಿ ಕಡದಂಗ ತೂತು ಅವ’ ಎಂದು ಬೈದು, ಕತ್ತರಿ ತಂದು ಕೂತರು. ಹಾಳೆ ಬಿಡಿಸಿ, ತೂತಿನ ಅಂಚು ಕತ್ತರಿಸಿ, ದಪ್ಪ ದಾರದಿಂದ ಹೊಲಿದು, ಮೂಲೆಗೆ ನಂಬರು ಹಾಕಿ ಚೆಂದದ ಪುಸ್ತಕ ಮಾಡಿಕೊಟ್ಟರು. ನಾನು ಇಂಗ್ಲಿಷ್ ಅಂಕಿಯನ್ನೇ ಹಾಕಿರಿ ಎಂದು ಹೇಳಿದ್ದಕ್ಕೆ ಸ್ವಲ್ಪ ಮುನಿಸಿಕೊಂಡರು, ಆದರೂ ಹಾಕಿದರು.

ನಡುಮನೆಯಲ್ಲಿ ನಿಮ್ಮೂರು ತಾಂಡೂರಿನ ಕಲ್ಲೇ ಹಾಸಿದೆ. ಅದರಷ್ಟು ಸಪಾಟು ಮೇಜು ನಿನ್ನ ಲ್ಯಾಬಿನಲ್ಲೂ ಇರಲಿಕ್ಕಿಲ್ಲ. ನಾಳೆಯಿಂದ ಅಲ್ಲೇ ಕೂಡುತ್ತೇನೆ.

ವತ್ಸಲಾ


ನಾರಾಯಣಖೇಡ
20 ಸೆಪ್ಟೆಂಬರ್ 1981

ಮಾಲತಿ,

ಹಾಳೆಗಳನ್ನು ಬೇರೆ ಗಂಟಿನಲ್ಲಿ ಕಳಿಸುತ್ತಿದ್ದೇನೆ. ಅಂಕಿಗಳ ಪುಸ್ತಕ ಇಲ್ಲೇ ಇದೆ, ಬೇಕಾದರೆ ಹೇಳು. ನಿನಗೆ ತಲುಪುವ ಮೊದಲು ಇದನ್ನು ಹೇಳದಿದ್ದರೆ ನನಗೆ ತಡೆಯುವುದಿಲ್ಲ.

ಮೊದಲ ಕೆಲವು ಹಾಳೆಗಳಲ್ಲಿ ಏನೂ ಇರಲಿಲ್ಲ. ಚೆಲ್ಲಿದ ಎಣ್ಣೆಯ ಹನಿಗಳ ಹಾಗೆ ಅಲ್ಲೊಂದು ಇಲ್ಲೊಂದು ಸುತ್ತು. ಅವನ್ನು ಎಳೆಯುತ್ತ ನನಗೆ ಬೇಸರವೂ ಬಂತು, ಮಾಲತಿ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದೂ ಅನ್ನಿಸಿತು. ಹನ್ನೆರಡನೆಯದು ಮುಗಿದ ದಿನ ಸುಮ್ಮನೆ ಐದಾರು ಹಾಳೆಗಳನ್ನು ಒಟ್ಟಿಗೆ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದೆ. ಮಾಲೂ, ಒಂದು ಕೊಳವೆ ಕಂಡಿತು. ಒಂದು ಹಾಳೆಯಿಂದ ಇನ್ನೊಂದಕ್ಕೆ ಓರೆಯಾಗಿ ಇಳಿದುಹೋಗುವ, ತನ್ನ ಸುತ್ತ ತಾನೇ ತಿರುಗುವ ಕೊಳವೆ. ನಾನು ಬಿಡಿಬಿಡಿಯಾಗಿ ಎಳೆದ ಗೆರೆಗಳಿಗೆ ತಮ್ಮ ಪಕ್ಕದ ಹಾಳೆಯಲ್ಲಿ ಯಾರಿದ್ದಾರೆ ಎಂದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಮಾವನವರನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಇದು ತೊಗರಿಯಾಗ ಅದ? ನಾವು ದಿನಾ ತಿನ್ನೋ ಬ್ಯಾಳ್ಯಾಗ?’ ಎಂದು ಕೇಳಿದರು. ಹೌದು ಎಂದೆ. ಒಂದು ಕಾಳಿನಲ್ಲಿ ಇಂಥವು ಎಷ್ಟು ಎಂದರು. ಆಕಾಶದ ಚುಕ್ಕೆಗಳಿಗಿಂತ ಹೆಚ್ಚು ಎಂದಾಗ ‘ಸುಳ್ಳ ಹೇಳಬ್ಯಾಡ’ ಎಂದು ಎದ್ದುಹೋಗಿ, ಅಡುಗೆಮನೆಯಿಂದ ಒಂದು ಕಾಳು ತಂದು ಅಂಗೈಯಲ್ಲಿಟ್ಟುಕೊಂಡು ಮತ್ತೆ ಬಂದು ಕೂತರು.

ಒಂದು ಮಾತು. ಹದಿನಾರರಿಂದ ಹತ್ತೊಂಬತ್ತರವರೆಗಿನ ಹಾಳೆಗಳಲ್ಲಿ ಒಂದು ಕಡೆ ಪ್ರೋಟೀನಿನ ಸರಪಳಿ, ಅಂದರೆ ಕೊಳವೆಗಳನ್ನೆಲ್ಲ ಕೂಡಿಸುವ ಎಳೆ, ಕಡಿದುಹೋಗಿದೆ. ಈ ತುದಿ ಇದೆ, ಆ ತುದಿ ಇದೆ, ನಡುವೆ ಅಂಕಿಗಳೇ ಇಲ್ಲ. ಅಂದಾಜಿನ ಮೇಲೆ ಕೂಡಿಸಬಹುದಿತ್ತು. ಅಂಕಿ ಇಲ್ಲದ ಕಡೆ ಗೆರೆ ಎಳೆಯಲು ನನ್ನ ಕೈ ಏಳಲಿಲ್ಲ. ಖಾಲಿ ಬಿಟ್ಟಿದ್ದೇನೆ.

ವತ್ಸಲಾ


ಹೈದರಾಬಾದ್
16 ನವೆಂಬರ್ 1981

ವತ್ಸಲಾ,

ಈ ಪತ್ರವನ್ನು ಮೂರು ಸಲ ಹರಿದೆ. ನೇರವಾಗಿ ಹೇಳಿಬಿಡುತ್ತೇನೆ.

ನಿನ್ನ ಹಾಳೆಗಳನ್ನು ಗಾಜಿನ ಮೇಲೆ ಜೋಡಿಸಿ, ಕೆಳಗೆ ದೀಪ ಹಚ್ಚಿದ ದಿನ ಇಡೀ ಲ್ಯಾಬು ಬಂದು ನೋಡಿತು. ಅಷ್ಟು ಶುದ್ಧವಾದ ಗೆರೆಗಳನ್ನು ಇಲ್ಲಿ ಯಾರೂ ಕಂಡಿರಲಿಲ್ಲ. ಅದರ ಮೇಲೆ ನಾವು ತಂತಿಯಿಂದ ಮಾದರಿ ಕಟ್ಟತೊಡಗಿದೆವು. ಮೊದಲ ಕೊಳವೆ ಎಡಕ್ಕೆ ತಿರುಗಿತು. ಎರಡನೆಯದೂ ಎಡಕ್ಕೆ. ಎಲ್ಲವೂ ಎಡಕ್ಕೆ.

ನಿನಗೆ ನೆನಪಿರಬೇಕು. ಇದುವರೆಗೆ ಯಾವ ಪ್ರೋಟೀನಿನಲ್ಲಿ ನೋಡಿದರೂ ಇಂಥ ಕೊಳವೆ ಪೇಟೆಯಲ್ಲಿ ಸಿಗುವ ಸ್ಕ್ರೂವಿನ ಹಾಗೆ ಬಲಕ್ಕೇ ತಿರುಗುತ್ತದೆ. ಆನೆಯದಾಗಲಿ, ಅಣಬೆಯದಾಗಲಿ. ತಾಂಡೂರಿನ ತೊಗರಿ ಒಂದೇ ಎಡಕ್ಕೆ ತಿರುಗಲಾರದು. ಎಡಸುತ್ತು ಬಂತು ಎಂದರೆ ನಾವು ನೋಡುತ್ತಿರುವುದು ಪ್ರೋಟೀನಲ್ಲ, ಕನ್ನಡಿಯೊಳಗಿನ ಅದರ ಬಿಂಬ. ಒಂದೋ ನನ್ನ ಎಕ್ಸ್-ರೇ ಲೆಕ್ಕದಲ್ಲಿ ತಪ್ಪಿದೆ, ಇಲ್ಲವೇ ನಕ್ಷೆಯಲ್ಲಿ. ಲೆಕ್ಕವನ್ನು ನಾನು ಎರಡು ಸಲ ಮೊದಲಿನಿಂದ ಮಾಡಿದೆ, ನನಗೆ ತಪ್ಪು ಸಿಗಲಿಲ್ಲ.

ಪ್ರೊಫೆಸರು ನಿನ್ನ ಖಾಲಿ ಜಾಗಕ್ಕೆ ಬೆರಳಿಟ್ಟು ಹೇಳಿದರು, ‘ಸರಪಳಿ ಎಲ್ಲಾದರೂ ನಡುವೆ ಕಡಿದಿರುತ್ತದೆಯೇ? ಇಷ್ಟು ಬೇಜವಾಬ್ದಾರಿಯ ನಕ್ಷೆಯಿಂದ ಬಲ ಬಂದರೇನು, ಎಡ ಬಂದರೇನು?’ ಅಂಕಿಗಳನ್ನು ಮತ್ತೆ ಮುದ್ರಿಸಲು ಕಂಪ್ಯೂಟರಿನ ಸರದಿಗೆ ಅರ್ಜಿ ಹಾಕಿದ್ದೇವೆ. ಬಂದ ಮೇಲೆ ಇಲ್ಲಿಯವರೇ ಗೆರೆ ಎಳೆಯುತ್ತಾರಂತೆ. ನಾರಾಯಣಖೇಡಕ್ಕೆ ಇನ್ನು ಏನನ್ನೂ ಕಳಿಸಬೇಡ ಎಂದರು.

ನಾನು ಜಗಳವಾಡಿದೆ. ವತ್ಸಲಾಳ ಕೈ ತಪ್ಪುವುದಿಲ್ಲ ಎಂದೆ. ತೋರಿಸಿ ಎಂದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.

ಮಾಲತಿ


(ಪೋಸ್ಟ್ ಕಾರ್ಡು)
ನಾರಾಯಣಖೇಡ
28 ನವೆಂಬರ್ 1981

ಪತ್ರ ಮುಟ್ಟಿತು. ಪ್ರತಿಯೊಂದು ಹಾಳೆಯನ್ನೂ ನೆನಪಿಗೆ ತಂದುಕೊಂಡು ಪುಸ್ತಕದ ಅಂಕಿಗಳ ಜೊತೆ ತಾಳೆ ನೋಡುತ್ತಿದ್ದೇನೆ. ಹಾಳೆ ಮಗುಚಿ ಎಳೆದಿಲ್ಲ, ಅದು ಖಾತ್ರಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮುಂದಿನ ಗಂಟು ಯಾವಾಗ ಎಂದು ಮಾವನವರು ದಿನಾ ಕೇಳುತ್ತಾರೆ, ಬಸ್ ಸ್ಟ್ಯಾಂಡಿಗೂ ಹೋಗಿ ಬರುತ್ತಾರೆ.

ವ.


ನಾರಾಯಣಖೇಡ
11 ಜನವರಿ 1982

ಮಾಲತಿ,

ತಪ್ಪು ಸಿಕ್ಕಿದೆ. ನಿನ್ನ ಲೆಕ್ಕದ್ದಲ್ಲ.

ಹುಡುಕಿ ಹುಡುಕಿ ಸಾಕಾಗಿ, ಮೊನ್ನೆ ಮಧ್ಯಾಹ್ನ ಪುಸ್ತಕವನ್ನು ಮಾವನವರ ಕೈಗೆ ಕೊಟ್ಟೆ. ಜಹೀರಾಬಾದಿನಿಂದ ಕರೀಂ ಸಾಹೇಬರು ಬಂದಿದ್ದರು, ಹಳೆಯ ದಫ್ತರಿನ ಸ್ನೇಹಿತರು. ಸೊಸೆಯ ಕೆಲಸ ತೋರಿಸಬೇಕೆಂದು ಮಾವನವರಿಗೆ ಆಸೆ. ಅವರು ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು ‘ಇದರ ಸುರುವಾತು ನೋಡ್ರಿ ಸಾಹೇಬ್ರ’ ಎಂದು ತೆರೆದರು. ನಾನು ಚಹಾ ಹಿಡಿದು ನಿಂತವಳು ಅಲ್ಲೇ ನಿಂತೆ. ಅವರು ತೆರೆದದ್ದು ನಾವು ಕೊನೆ ಎನ್ನುವ ಕಡೆಯಿಂದ. ಉರ್ದು ಪುಸ್ತಕ ಬಲಗಡೆಯಿಂದ ಶುರುವಾಗುತ್ತದೆಯಲ್ಲ, ಹಾಗೆ. ಅಲ್ಲಿ ಮೂಲೆಯಲ್ಲಿ ಅವರ ಮುದ್ದಾದ ಅಕ್ಷರದ ಒಂದನೆಯ ನಂಬರು ಇತ್ತು. ಇಷ್ಟು ದಿನ ನಂಬರು ಹುಡುಕಿ ಹಾಳೆ ತೆಗೆಯುತ್ತಿದ್ದ ನಾನು, ಪುಸ್ತಕ ಯಾವ ಕಡೆಯಿಂದ ಶುರುವಾಗುತ್ತದೆ ಎಂದು ನೋಡಿರಲೇ ಇಲ್ಲ.

ನಿನ್ನ ಕಂಪ್ಯೂಟರ್ ಮೇಲಿನಿಂದ ಕೆಳಗೆ ಮುದ್ರಿಸಿ ಕಳಿಸಿದ ಹಾಳೆಗಳನ್ನು ಅವರು ಬಿಡಿಸಿ ನೆಲದ ಮೇಲೆ ಸಾಲಾಗಿ ಹಾಸಿ, ರೂಢಿಯಂತೆ ಬಲತುದಿಯಿಂದ ಎತ್ತಿ ಬಲಕ್ಕೆ ಹೊಲಿದಾಗ ನಿನ್ನ ಕೊನೆಯ ಹಾಳೆ ಮೊದಲನೆಯದಾಯಿತು. ಅವರ ನಂಬರನ್ನೇ ನಂಬಿ ನಾನು ಪಾರದರ್ಶಕ ಹಾಳೆಗಳಿಗೂ ಅದನ್ನೇ ಹಾಕಿದೆ. ಪ್ರತಿಯೊಂದು ಹಾಳೆಯ ಮುಖ ಸರಿ ಇದೆ, ಸಾಲು ಮಾತ್ರ ತಲೆಕೆಳಗು. ಮೇಲಿನದು ಕೆಳಗಾದರೆ ಬಲಸುತ್ತು ಎಡಸುತ್ತು ಆಗದೆ ಇನ್ನೇನಾಗುತ್ತದೆ?

ನಿಜವಾದ ನಂಬರು ಆ ತೂತಿನ ಅಂಚಿನ ಮೇಲೆ ಇತ್ತು. ಅದನ್ನು ಕತ್ತರಿಸಿದರಲ್ಲ. ಆದರೆ ಪೇಶಕಾರರು ಸರ್ಕಾರಿ ಕಾಗದದ ಚೂರನ್ನೂ ಎಸೆಯುವವರಲ್ಲ. ಅಂಚುಗಳನ್ನೆಲ್ಲ ಸುರುಳಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ಒಂದೊಂದನ್ನೂ ಹಾಳೆಗೆ ಹಚ್ಚಿ ನೋಡಿದೆ, ಸಂಶಯವಿಲ್ಲ.

ಎರಡು ದಿನ ಅವರಿಗೆ ಹೇಳಲಿಲ್ಲ. ಹೇಳದೆಯೇ ನಿನಗೆ ‘ನನ್ನ ಕೈತಪ್ಪು’ ಎಂದು ಬರೆದುಬಿಡೋಣ ಎಂದೂ ಅನ್ನಿಸಿತು. ಆದರೆ ಈ ಕೆಲಸದಲ್ಲಿ ನನ್ನ ಬಳಿ ಇರುವುದು ಕಂಡದ್ದನ್ನು ಕಂಡ ಹಾಗೆ ಬರೆಯುವ ಒಂದು ಗುಣ. ಅದೂ ಹೋದರೆ ಉಳಿಯುವುದೇನು? ಇವತ್ತು ಹೇಳಿದೆ. ತಾವೇ ಪತ್ರ ಹಾಕುತ್ತೇನೆ ಎಂದರು. ಕನ್ನಡ ಬರೆಯುವ ರೂಢಿ ಇಲ್ಲ. ಅವರು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆದಿದ್ದೇನೆ:

‘ಮಾಲತೀಬಾಯಿಯವರಿಗೆ ಸೋಮಶೇಖರಪ್ಪನ ನಮಸ್ಕಾರ. ಕಾಗದ ಕಟ್ಟಿದಾಂವ ನಾನು, ನಂಬರು ಹಾಕಿದಾಂವ ನಾನು. ನನ್ನ ಸೊಸಿ ಕೈ ಶುದ್ಧ ಅದ. ಕಿತಾಬ ಯಾವ ಕಡಿಂದ ತೆಗೀಬೇಕು ಅಂಬೋದು ನಾ ಸಣ್ಣಾಂವ ಇದ್ದಾಗ ಮೌಲ್ವಿ ಸಾಹೇಬ್ರು ಕಲಿಸ್ಯಾರ, ಅದು ಕೈಯಾಗ ಕುಂತದ. ನಿಮ್ಮ ಮಶೀನಿಗಿ ಉರ್ದು ಬರೂದಿಲ್ಲ ಅಂಬೋದು ನನಗ ಗೊತ್ತಾಗಲಿಲ್ಲ. ನಿಮ್ಮ ಪ್ರೊಫೆಸರ್ ಸಾಹೇಬ್ರಿಗೆ ಹೇಳ್ರಿ, ಬೈಯೋದಿದ್ರ ನನಗ ಬೈರಿ, ಸೊಸಿ ಕೆಲಸ ಕಸೀಬ್ಯಾಡ್ರಿ. ಇನ್ನೊಂದು ಮಾತು ಕೇಳೋದದ. ತೊಗರಿ ಬಲಕ್ಕ ತಿರುಗತದ, ಆನಿ ಬಲಕ್ಕ ತಿರುಗತದ ಅಂತ ವತ್ಸಲಾ ಹೇಳ್ತಾಳ. ನನ್ನ ಮೈಯಾಗೂ ಹಂಗೇ ಅದ ಏನು? ಯಾರು ಕಲಿಸ್ಯಾರ ಇವಕ್ಕೆಲ್ಲ ಒಂದೇ ಕಡಿಗಿ ತಿರುಗ್ರಿ ಅಂತ?’

ಹೇಳಿ ಮುಗಿಸಿ ಕೆಳಗೆ ಉರ್ದುವಿನಲ್ಲಿ ಸಹಿ ಮಾಡಿದ್ದಾರೆ. ಅಂಚುಗಳ ಸುರುಳಿಯನ್ನೂ ಕಳಿಸುತ್ತಿದ್ದೇನೆ.

ವತ್ಸಲಾ


ಹೈದರಾಬಾದ್
3 ಫೆಬ್ರವರಿ 1982

ವತ್ಸಲಾ,

ಸುರುಳಿ ಬಂದ ದಿನವೇ ಹಾಳೆಗಳನ್ನು ಇಳಿಸಿ, ಕೊನೆಯದನ್ನು ಮೊದಲು ಮಾಡಿ ಮತ್ತೆ ಜೋಡಿಸಿದೆವು. ನೀನು ಎಳೆದ ಒಂದು ಗೆರೆಯನ್ನೂ ಅಳಿಸಲಿಲ್ಲ. ದೀಪ ಹಚ್ಚಿ ಬಗ್ಗಿ ನೋಡಿದೆ. ಎಲ್ಲ ಕೊಳವೆಗಳೂ ಬಲಕ್ಕೆ ತಿರುಗುತ್ತಿದ್ದವು. ಮುಟ್ಟದೇ ತಿರುಗಿದವು ವತ್ಸಲಾ, ಬರೀ ಸಾಲು ಬದಲಾಯಿಸಿದ್ದಕ್ಕೆ. ನನಗೆ ಅಳು ಬಂತು, ಯಾರಿಂದಲೂ ಮುಚ್ಚಿಡಲಿಲ್ಲ.

ಮಾವನವರಿಗೆ ಹೇಳು, ಅವರ ಮೈಯಲ್ಲೂ ಹಾಗೇ ಇದೆ. ಅವರ ರಕ್ತದಲ್ಲಿ, ಸಹಿ ಮಾಡಿದ ಬೆರಳಿನಲ್ಲಿ, ಈ ಪತ್ರ ತಂದ ಪೋಸ್ಟ್‌ಮ್ಯಾನ್‌ನಲ್ಲಿ, ಅವನನ್ನು ಕಂಡು ಬೊಗಳಿದ ನಾಯಿಯಲ್ಲಿ. ಯಾರು ಕಲಿಸಿದರು ಎಂಬುದು ನನಗೆ ಗೊತ್ತಿಲ್ಲ. ಪ್ರೊಫೆಸರಿಗೆ ಅವರ ಪ್ರಶ್ನೆ ಓದಿ ಹೇಳಿದೆ. ‘ನನಗೂ ಗೊತ್ತಿಲ್ಲ ಎಂದು ಬರೆ’ ಎಂದರು.

ಆದರೆ ಖಾಲಿ ಜಾಗದ ಮಾತು ಅವರು ಬಿಟ್ಟಿಲ್ಲ. ಸಾಲಿನ ತಪ್ಪು ಮುಗಿಯಿತು, ಸರಪಳಿಯ ತಪ್ಪು ಹಾಗೇ ಇದೆಯಲ್ಲ ಎನ್ನುತ್ತಾರೆ. ಹೊಸ ಅಚ್ಚು ಬಂದಿದೆ, ಇಲ್ಲಿಯ ಇಬ್ಬರು ಅದೇ ಜಾಗದಲ್ಲಿ ಗೆರೆ ಎಳೆದು ಕೂಡಿಸಿದ್ದಾರೆ, ಒಬ್ಬೊಬ್ಬರು ಒಂದೊಂದು ಕಡೆಯಿಂದ. ನಿನ್ನನ್ನು ಸೇರಿಸಿಕೊಳ್ಳುವ ಮಾತು ಆಮೇಲೆ ನೋಡೋಣ ಎಂದಿದ್ದಾರೆ. ಆ ‘ಆಮೇಲೆ’ಯನ್ನು ನಾನು ಸುಮ್ಮನೆ ಬಿಡುವುದಿಲ್ಲ. ಒಂದು ಯೋಚನೆ ಇದೆ, ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಪತ್ರ ಬರದಿದ್ದರೆ ಮತ್ತೆ ಮುನಿಸಿಕೊಂಡಳು ಅಂದುಕೊಳ್ಳಬೇಡ.

ಮಾಲತಿ


ಹೈದರಾಬಾದ್
8 ಆಗಸ್ಟ್ 1982

ವತ್ಸಲಾ,

ಕೂತು ಓದು.

ಇಷ್ಟು ದಿನ ನಾವು ನೋಡಿದ್ದು ಪ್ರೋಟೀನಿನ ಫೋಟೋ. ನನ್ನ ಯೋಚನೆ, ಅದನ್ನು ಕಂಪ್ಯೂಟರಿನೊಳಗೆ ಜೀವಂತ ಮಾಡಿ ನೋಡುವುದು. ಪ್ರತಿಯೊಂದು ಪರಮಾಣು ಎಲ್ಲಿದೆ, ಅಕ್ಕಪಕ್ಕದವು ಅದನ್ನು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಎಂದು ಕೊಟ್ಟು, ಮರುಗಳಿಗೆ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿಸುವುದು. ಆ ಉತ್ತರ ಹಿಡಿದು ಮತ್ತೆ ಕೇಳುವುದು. ಹಾಗೇ ಕೇಳುತ್ತ ಹೋಗುವುದು. ಗಳಿಗೆ ಎಂದರೆ ಗಡಿಯಾರದ್ದಲ್ಲ. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡು, ಅದರಲ್ಲಿ ಒಂದು ಚೂರನ್ನು ಎತ್ತಿ ಮತ್ತೆ ಹತ್ತು ಲಕ್ಷ ಮಾಡು. ಅಂಥ ಕೆಲವೇ ಚೂರುಗಳನ್ನು ದಾಟಲು ನಮ್ಮ ಕಂಪ್ಯೂಟರಿಗೆ ಬೇಸಿಗೆ ಪೂರ್ತಿ ಬೇಕಾಯಿತು. ಬೇರೆ ವಿಭಾಗದವರು ಸರದಿಗಾಗಿ ನನ್ನನ್ನು ಶಪಿಸಿದರು.

ಖಾಲಿ ಜಾಗಕ್ಕೆ ಏನಾದರೂ ತುಂಬಲೇಬೇಕಿತ್ತು. ಲ್ಯಾಬಿನ ಇಬ್ಬರು ಕೂಡಿಸಿದ ಎರಡು ದಾರಿಗಳಿದ್ದವಲ್ಲ, ಎರಡನ್ನೂ ಬೇರೆ ಬೇರೆಯಾಗಿ ಹಾಕಿ ನಡೆಸಿದೆ. ಮೊದಲು ಇಡೀ ಪ್ರೋಟೀನು ಉಸಿರಾಡಿತು. ನನಗೆ ಬೇರೆ ಮಾತು ಸಿಗುತ್ತಿಲ್ಲ. ಕೊಳವೆಗಳು ಒಂದಿಷ್ಟು ಬಾಗುತ್ತವೆ, ನಡುಗುತ್ತವೆ, ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ಕಲ್ಲಿನಂಥ ಹರಳು ಎಂದು ನಾನು ಎರಡು ವರ್ಷ ಕಾಪಾಡಿಕೊಂಡು ಬಂದದ್ದರ ಒಳಗೆ ಒಂದೂ ಸುಮ್ಮನೆ ಕೂತಿಲ್ಲ.

ಆಮೇಲೆ ನಿನ್ನ ಹದಿನಾರರಿಂದ ಹತ್ತೊಂಬತ್ತು. ಎಲ್ಲಿಂದ ಶುರುಮಾಡಿದರೂ ಆ ತುಣುಕು ಅಲ್ಲಿ ನಿಲ್ಲಲಿಲ್ಲ. ಉಳಿದದ್ದೆಲ್ಲ ಮನೆಗೆ ಮರಳಿತು, ಅದು ಮರಳಲಿಲ್ಲ. ಆಚೆ ಹೋಯಿತು, ಈಚೆ ಬಂತು, ಬೀಸಿತು, ಮಡಚಿತು. ಓಡುತ್ತಿರುವ ಮಗುವಿನ ಫೋಟೋ ತೆಗೆದರೆ ಮುಖ ಮೂಡುತ್ತದೆಯೇ? ಅದಕ್ಕೇ ಅಲ್ಲಿ ಅಂಕಿ ಮೂಡಿರಲಿಲ್ಲ. ಗೆರೆ ಎಳೆದ ಆ ಇಬ್ಬರೂ ಇಲ್ಲದ್ದನ್ನು ಕಂಡರು. ನೀನು ಬಿಟ್ಟ ಖಾಲಿ ಜಾಗವೇ ಸರಿಯಾದ ನಕ್ಷೆ.

ಪ್ರೊಫೆಸರು ಅಚ್ಚಾದ ಹಾಳೆಗಳನ್ನು ಒಂದು ಕಡೆ, ನಿನ್ನ ನಾಲ್ಕು ಹಾಳೆಗಳನ್ನು ಇನ್ನೊಂದು ಕಡೆ ಇಟ್ಟುಕೊಂಡು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕೊನೆಗೆ ನನ್ನನ್ನು ಕರೆದು, ‘ಇದನ್ನು ಬೇಜವಾಬ್ದಾರಿ ಅಂದಿದ್ದೆ. ಅವರು ಯಾವಾಗ ಬರುತ್ತಾರೆ ಕೇಳು’ ಎಂದರು. ಕೇಳುತ್ತಿದ್ದೇನೆ. ನಾನೂ ಕೇಳುತ್ತಿದ್ದೇನೆ.

ಮಾಲತಿ


ನಾರಾಯಣಖೇಡ
19 ಆಗಸ್ಟ್ 1982

ಮಾಲೂ,

ಪತ್ರವನ್ನು ನಡುಮನೆಯ ಕಲ್ಲಿನ ಮೇಲೆ ಕೂತೇ ಓದಿದೆ. ಆರು ವರ್ಷ ನನ್ನದೂ ಅಂಕಿ ಮೂಡದ ಜಾಗವೇ ಆಗಿತ್ತು, ನಾನೇ ಅದನ್ನು ಖಾಲಿ ಎಂದುಕೊಂಡಿದ್ದೆ. ಇದನ್ನು ಒಂದೇ ಸಲ ಹೇಳುತ್ತೇನೆ, ಮತ್ತೆ ಹೇಳಿಸಬೇಡ.

ಯಜಮಾನರು ಪತ್ರ ಎರಡು ಸಲ ಓದಿ ‘ತಿಂಗಳಿಗೊಂದು ವಾರ ನಮಗ ರೊಟ್ಟಿ ಬಡಿಯಾಕ ಬರ್ತದೇನು ನೋಡೂನು’ ಎಂದು ತಂದೆಯ ಮುಖ ನೋಡಿದರು. ‘ನಿನಗ ಬರೂದಿಲ್ಲ, ನನಗ ಬರ್ತದ’ ಎಂದರು ಮಾವನವರು.

ಅವರಿಗೆ ಆ ಅಲುಗಾಡುವ ತುಣುಕಿನ ವಿಷಯ ಬಿಡಿಸಿ ಹೇಳಿದೆ. ಅವರು ಎದ್ದು ಅಡುಗೆಮನೆಗೆ ಹೋಗಿ ಒಂದು ತೊಗರಿ ಕಾಳು ತಂದು, ಎರಡು ಬೆರಳಲ್ಲಿ ಹಿಡಿದು, ಕಿವಿಯ ಹತ್ತಿರ ಒಯ್ದರು. ನಾನು ನಗಲಿಲ್ಲ.

‘ಈಗೂ ಅಲುಗ್ಯಾಡಕತ್ತದ?’
‘ಹೌದ್ರಿ ಮಾವಾರ.’
‘ನಾ ಹುಟ್ಟೋಕ್ಕಿಂತ ಮೊದಲೂ?’
‘ಮೊದಲೂ.’

ಊಟಕ್ಕೆ ಬಡಿಸಿದಾಗ ತಟ್ಟೆಯಲ್ಲಿನ ಬೇಳೆಯನ್ನು ನೋಡುತ್ತ ಸ್ವಲ್ಪ ತಡೆದರು. ದೇವರ ಪ್ರಸಾದ ತೆಗೆದುಕೊಳ್ಳುವ ಹಾಗೆ ಮೊದಲ ತುತ್ತನ್ನು ಕಣ್ಣಿಗೆ ಒತ್ತಿಕೊಂಡು ತಿಂದರು. ಅವರನ್ನು ನೋಡಿ ನಾನೂ ಹಾಗೇ ಮಾಡಿದೆ.

ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಹಾಳೆಗಳ ಪುಸ್ತಕವನ್ನು ಮಾವನವರು ಬಿಚ್ಚಿ ಮತ್ತೆ ಹೊಲಿದಿದ್ದಾರೆ, ಈ ಸಲ ಎಡಗಡೆಗೆ. ಕೈ ತಪ್ಪಿ ಬಲಕ್ಕೆ ಹೋಗದ ಹಾಗೆ ಎಡ ಅಂಚಿಗೆ ಕುಂಕುಮ ಹಚ್ಚಿಕೊಂಡು ಕೂತಿದ್ದರು. ಆ ಕೆಂಪು ಇನ್ನೂ ಇದೆ, ನೋಡುವೆಯಂತೆ.

ನಿನ್ನ
ವತ್ಸಲಾ